ಮಕಮಲ್ಲೇ ಏಕೆ, ಗೋಣಿ ಏಕಲ್ಲ?

"ಬುದ್ಧೀ, ಮಕಮಲ್ಲು ಅಂದರೆ ಮೆತ್ತನೆಯ ಬಟ್ಟೆ. ಮೋಸ ಅಂದರೆ ಒರಟು ಕೆಲಸ. ಹಾಗಿದ್ದ ಮೇಲೆ ಮೋಸ ಹೋದವನನ್ನು ಕಂಡು ಜನ 'ಮಕಮಲ್ ಟೋಪಿ ಬಿತ್ತು' ಅನ್ನುತ್ತಾರಲ್ಲ, ಏಕೆ? 'ಗೋಣಿ ಟೋಪಿ ಬಿತ್ತು' ಅನ್ನಬೇಕಿತ್ತಲ್ಲವೆ?"

ಕೇಳಿದವನು ಮಲ್ಲು. ಮಠದ ಶಿಷ್ಯರಲ್ಲಿ ಓದಿನಲ್ಲಿ ಕಡೆಯವನು, ಬಾಯಲ್ಲಿ ಮೊದಲನೆಯವನು. ಅವನು ತುಟಿ ಬಿಚ್ಚುವ ಮೊದಲೇ ಉಳಿದ ಶಿಷ್ಯರು ನಗುವುದಕ್ಕೆ ಸಿದ್ಧವಾಗಿ ಕೂರುತ್ತಿದ್ದರು. ಈ ಸಲವೂ ನಕ್ಕರು.

"ಮಲ್ಲುಗೆ ಮಕಮಲ್ಲಿನ ಚಿಂತೆ ಹತ್ತಿತು," ಎಂದ ಒಬ್ಬ.

"ನನ್ನ ಹೆಸರು ಹೇಳಿದರೆ ಅರ್ಧ ಬಟ್ಟೆಯಾದರೂ ಸಿಗುತ್ತೆ. ನಿನ್ನ ಹೆಸರು ಪೂರಾ ಬಿಚ್ಚಿದರೂ ಕೈ ಒರೆಸುವ ಚಿಂದಿ ಸಿಗಲ್ಲ," ಎಂದ ಮಲ್ಲು.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಅವರು ನಗಲಿಲ್ಲ.

ಮಲ್ಲು ಈ ಪ್ರಶ್ನೆಯನ್ನು ಕೇಳಬಾರದಿತ್ತು. ತುರಿಕೆ ಇರುವಲ್ಲಿಗೇ ಕೈ ಹೋಗುತ್ತದೆ, ಅದಕ್ಕೇ ಕೇಳಿದ. ಆ ಹೊತ್ತಿನಲ್ಲಿ ಅವನ ತಲೆಯ ಮೇಲೆ, ರುಮಾಲಿನ ಒಳಗೆ, ಒಂದು ಮಕಮಲ್ಲಿನ ಟೋಪಿ ಇತ್ತು.

ಅದನ್ನು ಅಂದು ಬೆಳಿಗ್ಗೆ ಕೊಟ್ಟವನು ಜವಳಿ ಸಾಹುಕಾರ ಮುರಿಗೆಪ್ಪ. ಮಠದ ಮುಂದೆ ಒಂದು ಕಲ್ಲುಮಂಟಪ ಇದೆ. ಸಂತೆಗೆ ಬರುವ ಬಡವರು ಅದರ ನೆರಳಲ್ಲಿ ಕುಕ್ಕೆ ಇಟ್ಟುಕೊಂಡು ಕೂರುತ್ತಾರೆ. ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ಸಾಹುಕಾರನಿಗೆ ಆ ಮಂಟಪ ಬೇಕಾಗಿತ್ತು, ಜವಳಿ ತುಂಬಿ ಬಾಗಿಲು ಹಾಕಲು. ಕೊಡುವುದೋ ಬೇಡವೋ ಎಂದು ಅಂದು ಸಂಜೆ ಗುರುಗಳು ಶಿಷ್ಯರನ್ನು ಕೇಳುವವರಿದ್ದರು. ಒಬ್ಬ ಶಿಷ್ಯ ಬೇಡ ಎಂದರೂ ಬೇಡ. ಅದು ಆ ಮಠದ ನಡೆ. ಆದರೆ ಬೇಡ ಎನ್ನುವ ಗಂಟಲು ಇದ್ದವನು ಮಲ್ಲು ಒಬ್ಬನೇ. ಉಳಿದವರು ಸಾಹುಕಾರನ ಎದುರು ಕೆಮ್ಮು ಬಂದರೂ ನುಂಗಿಕೊಳ್ಳುವವರು. ಅಲ್ಲದೆ ಮಲ್ಲುವಿನ ತಾಯಿ ಅದೇ ಮಂಟಪದ ವಾಲಿದ ಕಂಬದ ಕೆಳಗೆ ಮಂಡಕ್ಕಿ ಅಳೆದು ಅವನನ್ನು ಬೆಳೆಸಿದ್ದಳು. ಈಗಲೂ ಅಲ್ಲೇ ಅಳೆಯುತ್ತಾಳೆ.

"ಕೊಡಿ ಅನ್ನು ಅಂತ ನಾನು ಹೇಳಲ್ಲ ಮಲ್ಲಪ್ಪ," ಎಂದಿದ್ದ ಸಾಹುಕಾರ. ಮಲ್ಲುವನ್ನು ಮಲ್ಲಪ್ಪ ಎಂದು ಕರೆದ ಮೊದಲ ಮನುಷ್ಯ ಅವನೇ. "ಸುಮ್ಮನಿದ್ದರೆ ಸಾಕು. ನಿಮ್ಮವ್ವನಿಗೆ ಜಾಗ ಇದ್ದೇ ಇರುತ್ತೆ, ಅದೇನು ದೊಡ್ಡ ಮಾತು?"

ಮಲ್ಲು ಟೋಪಿ ಹಾಕಿಕೊಂಡು ನೋಡಿದ. ಸ್ವಲ್ಪ ಸಡಿಲ. ಆದರೂ ತೆಗೆಯಲು ಮನಸ್ಸಾಗಲಿಲ್ಲ. ಮೇಲೆ ರುಮಾಲು ಸುತ್ತಿಕೊಂಡು ಮಠಕ್ಕೆ ಬಂದ. ಟೋಪಿಯ ಜೊತೆಗೆ ರುಮಾಲೂ ಸಡಿಲವಾಗಿಯೇ ಕೂತಿತ್ತು.

"ಕತೆ ಹೇಳಲೇನೋ?" ಎಂದರು ಗುರುಗಳು.

"ಹೂಂ ಬುದ್ಧಿ," ಎಂದ ಮಲ್ಲು.

ಹೂಂಗುಟ್ಟುವಾಗ ತಲೆಯನ್ನೂ ಆಡಿಸುವುದು ಅವನ ಹುಟ್ಟುಗುಣ. ಕೋಲೆ ಬಸವನೂ ಇವನನ್ನು ಕಂಡು ಕಲಿಯಬೇಕು ಎಂದು ಜೊತೆಯವರು ಅಣಕಿಸುತ್ತಿದ್ದರು. ಇಂದು ಬಾಯಿ ಮಾತ್ರ ಹೂಂ ಎಂದಿತು. ತಲೆ ನೆಟ್ಟಗೆ ಇತ್ತು. ಗುರುಗಳ ಕೈಯಲ್ಲಿದ್ದ ಬತ್ತಿ ಒಂದು ಗಳಿಗೆ ನಿಂತಿತು. ಮತ್ತೆ ಹೊಸೆಯುತ್ತ ಅವರು ಕತೆ ಹೇಳಿದರು.

ಒಂದು ಊರು. ಊರಿನ ಬೆನ್ನಿಗೆ ಒಂದು ಗುಡ್ಡ. ಗುಡ್ಡ ಯಾರ ಹೆಸರಿನಲ್ಲೂ ಇರಲಿಲ್ಲ, ಹಾಗಾಗಿ ಎಲ್ಲರಿಗೂ ಇತ್ತು. ಊರಿನವರು ಅಲ್ಲಿ ಕುರಿ ಮೇಯಿಸುತ್ತಿದ್ದರು. ಉಣ್ಣೆ ಕತ್ತರಿಸಿ ಕಂಬಳಿ ನೇಯುತ್ತಿದ್ದರು. ಗುಡ್ಡದ ಹುಲ್ಲೇ ಕುರಿಯ ಮೈಮೇಲೆ ಉಣ್ಣೆಯಾಗಿ, ಮಗ್ಗದಲ್ಲಿ ಕಂಬಳಿಯಾಗಿ, ಸಂತೆಯಲ್ಲಿ ರಾಗಿಯಾಗಿ ಅವರ ಹೊಟ್ಟೆ ಸೇರುತ್ತಿತ್ತು.

ಆ ಊರಿಗೆ ಒಬ್ಬ ಹಿರಿಯ. ಅವನೂ ಕುರಿ ಕಾಯುವವನೇ. ಹಿರಿಯ ಎಂದು ಅವನಿಗೆ ಹೆಚ್ಚಿಗೆ ಒಂದು ಕುರಿಯೂ ಇರಲಿಲ್ಲ.

ಆ ಊರಿನ ಕಟ್ಟಳೆ ಬೇರೆ ಊರಿನವರಿಗೆ ನಗು ತರಿಸುವಂಥದು. ಕಟ್ಟೆಯ ಮೇಲೆ ಪಂಚಾಯಿತಿ ಕೂತರೆ ಎಲ್ಲರೂ ಮಾತಾಡಬಹುದು, ಹಿರಿಯ ಮಾತ್ರ ಮಾತಾಡುವಂತಿಲ್ಲ. ಆಡಿದರೂ ಆ ಮಾತಿಗೆ ಬೆಲೆ ಇಲ್ಲ. ಎಲ್ಲವನ್ನೂ ಕೇಳಿ ಕಡೆಗೆ ಅವನು ಅಡ್ಡಡ್ಡ ತಲೆ ಆಡಿಸಿದರೆ ಆ ವಿಷಯ ಅಲ್ಲಿಗೇ ಸತ್ತಿತು. ಆಡಿಸದಿದ್ದರೆ ಒಪ್ಪಿದಂತೆ. ತಲೆ ಮುಟ್ಟಿಕೊಂಡರಂತೂ ಆಣೆ ಇಟ್ಟಂತೆ, ಮೊಮ್ಮಕ್ಕಳ ಕಾಲಕ್ಕೂ ಅದನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಹೀಗೇಕೆ ಎಂದು ಕೇಳಿದರೆ ಊರಿನವರು ಹೇಳುತ್ತಿದ್ದರು: "ಬಾಯಿಗೆ ಬಾಯಿ ಕೊಡಬಹುದು. ತಲೆ ಆಡಿಸಿದವನಿಗೆ ಏನು ಕೊಡ್ತೀಯ?"

ಗುಡ್ಡ ಕೇಳಿಕೊಂಡು ಎಷ್ಟೋ ಜನ ಬಂದರು. ಸುಣ್ಣ ಸುಡುವವನು ಬಂದ. ಸೌದೆ ಕಡಿಸುವವನು ಬಂದ. ಕಣ್ಣು ಕೆಂಪಗೆ ಮಾಡಿಕೊಂಡು ಒಬ್ಬ ಬಂದ, ಕಣ್ಣು ಒದ್ದೆ ಮಾಡಿಕೊಂಡು ಇನ್ನೊಬ್ಬ ಬಂದ. ಹಿರಿಯ ಅಡ್ಡಡ್ಡ ತಲೆ ಆಡಿಸಿದ. ಬಂದ ದಾರಿಗೆ ಸುಂಕವಿಲ್ಲ ಎಂದು ಎಲ್ಲರೂ ಹೋದರು. ಗುಡ್ಡ ನಿಂತಿರುವುದು ನೆಲದ ಮೇಲಲ್ಲ, ಹಿರಿಯನ ಕುತ್ತಿಗೆಯ ಮೇಲೆ ಎಂದು ಊರಿನವರು ಹೇಳಿಕೊಳ್ಳುತ್ತಿದ್ದರು.

ಆ ಕುತ್ತಿಗೆಯ ಮೇಲಿನ ತಲೆಗೆ ಇದ್ದದ್ದು ಒಂದು ಕಂಬಳಿ ಕೊಪ್ಪೆ. ಮಳೆ, ಬಿಸಿಲು, ಚಳಿ ಎಲ್ಲಕ್ಕೂ ಅದೇ ಮುಸುಕು. ಹೆಂಡತಿ ನೇಯ್ದದ್ದು. ಕಿವಿಯನ್ನೂ ಹಣೆಯನ್ನೂ ಚುಚ್ಚುತ್ತಿತ್ತು.

"ಒಂದಿಷ್ಟು ಮೆತ್ತಗೆ ನೇಯಬಾರದೇನೆ?" ಎಂದು ಹಿರಿಯ ಆಗಾಗ ಗೊಣಗುತ್ತಿದ್ದ.

"ಚುಚ್ಚಲಿ ಬಿಡು. ಚುಚ್ಚಿದರೆ ಎಚ್ಚರ ಇರುತ್ತೆ," ಎನ್ನುತ್ತಿದ್ದಳು ಅವಳು.

ಒಂದು ದಿನ ಒಬ್ಬ ವ್ಯಾಪಾರಿ ಬಂದ. ಅವನು ಗುಡ್ಡದ ಮಾತು ಎತ್ತಲಿಲ್ಲ. ಗುಡ್ಡದ ಕಡೆ ತಿರುಗಿಯೂ ನೋಡಲಿಲ್ಲ. ಹಿರಿಯನ ಜಗುಲಿಯ ಮೇಲೆ ಕೂತು, ಬಗಲಿನ ಚೀಲದಿಂದ ಒಂದು ಟೋಪಿ ತೆಗೆದು ಮುಂದೆ ಇಟ್ಟ. ಹಿರಿಯ ಬೆರಳ ತುದಿಯಿಂದ ಮುಟ್ಟಿದ. ಅಷ್ಟು ಮೆತ್ತಗಿನದನ್ನು ಅವನು ಬಾಳಿನಲ್ಲಿ ಮುಟ್ಟಿದ್ದು ಒಂದೇ. ಆಗತಾನೆ ಹುಟ್ಟಿದ ಕುರಿಮರಿಯ ಕಿವಿ.

"ಏನಪ್ಪಾ ಇದು?"

"ಮಕಮಲ್ಲು, ಯಜಮಾನರೇ."

"ಹಂಗಂದರೆ?"

ಆ ಮಾತಿನ ಅರ್ಥ ವ್ಯಾಪಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ವ್ಯಾಪಾರ ಆಗುತ್ತದೆಯೆ? ಅವನು ಹಿರಿಯನ ಮುಖ ನೋಡಿ ಅರ್ಥ ಕಟ್ಟಿದ.

"ಮಕ ಅಂದರೆ ಮುಖ. ಮಲ್ಲ ಅಂದರೆ ಜಟ್ಟಿ. ಮುಖ ಕಂಡರೇ ನಾಲ್ಕು ಜನ ಎದ್ದು ನಿಲ್ಲಬೇಕು, ಅಂಥ ಮಲ್ಲರ ತಲೆಗೆ ಮಾತ್ರ ಸಲ್ಲುವ ಬಟ್ಟೆ. ಊರೂರು ಸುತ್ತಿದೆ. ಇದಕ್ಕೆ ತಕ್ಕ ತಲೆ ಇಲ್ಲಿ ಕಂಡೆ."

ಹಿರಿಯ ಕೊಪ್ಪೆ ಸರಿಸಿದ. ವ್ಯಾಪಾರಿ ಟೋಪಿ ಇಟ್ಟ. ಟೋಪಿ ಒಂದು ಬೆರಳಷ್ಟು ದೊಡ್ಡದು.

"ಸಡಿಲ ಆಯ್ತಲ್ಲಪ್ಪ."

"ಮಕಮಲ್ಲು ಬಿಗಿಯಾಗಬಾರದು ಯಜಮಾನರೇ. ಬಿಗಿಯಾದರೆ ಅದರ ನವಿರು ಸಾಯುತ್ತೆ. ತಲೆಯನ್ನ ನಿಂತ ಹಾಗೇ ಇಟ್ಟುಕೊಂಡರೆ ಆಯ್ತು."

"ಇದಕ್ಕೆ ಬದಲು ನಾನೇನು ಕೊಡಲಿ?"

"ಏನೂ ಬೇಡ."

ಹಣ ಕೇಳುವ ವ್ಯಾಪಾರಿಗೆ ಹೆದರಬೇಕಾಗಿಲ್ಲ. ಏನೂ ಬೇಡ ಎನ್ನುವ ವ್ಯಾಪಾರಿ ಬಂದರೆ ನಾಯಿ ಬಿಚ್ಚಬೇಕು. ಹಿರಿಯ ಬೊಗಳುತ್ತಿದ್ದ ನಾಯಿಯನ್ನು ಕಟ್ಟಿಹಾಕಿ ಮಜ್ಜಿಗೆ ತರಿಸಿದ.

ಮಜ್ಜಿಗೆ ತಂದ ಹೆಂಡತಿ ಟೋಪಿ ನೋಡಿದಳು. ವ್ಯಾಪಾರಿ ಹೋದ ಮೇಲೆ ಅದನ್ನು ಕೈಗೆ ತೆಗೆದುಕೊಂಡಳು. ಹಿಂದಿನಿಂದ ಮುಂದಕ್ಕೆ ಸವರಿದಳು. ಬೆಣ್ಣೆಯಂತೆ ಜಾರಿತು. ಮುಂದಿನಿಂದ ಹಿಂದಕ್ಕೆ ಸವರಿದಳು. ನವಿರು ಎದ್ದು ನಿಂತು, ಬಣ್ಣವೇ ಕಪ್ಪಿಟ್ಟಿತು.

"ಇದು ಬೆಕ್ಕಿನ ಜಾತಿ ಕಣಯ್ಯ. ಒಂದು ಕಡೆಯಿಂದ ಸವರಿದವನಿಗೆ ಇನ್ನೊಂದು ಕಡೆ ಗೊತ್ತಾಗಲ್ಲ. ಏನಂತೆ ಇದರ ಹೆಸರು?"

"ಮಕಮಲ್ಲು. ಮುಖದಲ್ಲಿ ಮಲ್ಲತನ ಇದ್ದೋರಿಗೆ ಮಾತ್ರ."

"ಮಲ್ಲು ಅಲ್ಲ, ಮೆಲ್ಲು," ಎಂದಳು ಅವಳು. "ಇದು ಮಕ ಮೆಲ್ಲುತ್ತೆ. ಕುರಿ ಹುಲ್ಲು ಮೆಲ್ಲಲ್ವ, ಹಂಗೆ. ಸದ್ದೂ ಬರಲ್ಲ, ನೋವೂ ಆಗಲ್ಲ. ತಿರುಗಿ ನೋಡಿದರೆ ಬೋಳು."

"ಕಂಬಳಿ ನೇಯೋಳಿಗೆ ನಾಜೂಕು ಎಲ್ಲಿಂದ ತಿಳಿಯಬೇಕು?" ಎಂದ ಹಿರಿಯ.

ಅವಳು ಟೋಪಿಯನ್ನು ಅವನ ತೊಡೆಯ ಮೇಲೆ ಎಸೆದು ಒಳಗೆ ಹೋದಳು. ಅಂದಿನಿಂದ ಕೊಪ್ಪೆ ಗೂಟದಲ್ಲಿ ನೇತುಬಿತ್ತು.

ಮರುದಿನ ನೆರೆಯವನು ಸೊಪ್ಪಿನ ಹೊರೆ ಹೊರಿಸು ಬಾ ಎಂದು ಕರೆದ. ಹೊರಿಸಲು ಬಗ್ಗಬೇಕು. ಬಗ್ಗಿದರೆ ಟೋಪಿ ಬೀಳುತ್ತದೆ. ಹಿರಿಯ ಕೇಳಿಸದವನಂತೆ ನಡೆದ. ದಾರಿಯಲ್ಲಿ ಎದುರಾದವರು ನಮಸ್ಕಾರ ಎಂದು ಬಾಗಿದರು. ಮೊದಲಾದರೆ ಅವನೂ ಅಷ್ಟೇ ಬಾಗುತ್ತಿದ್ದ. ಈಗ ಕಣ್ಣು ಮಾತ್ರ ಮುಚ್ಚಿ ತೆರೆದ. ಅವನಿಗೆ ಜಂಬ ಬಂತು ಎಂದು ಜನ ಹಿಂದಿನಿಂದ ಬೈದರು. ಮುಂದಿನಿಂದ ಇನ್ನೂ ಒಂದು ಗೇಣು ಹೆಚ್ಚಿಗೆ ಬಾಗಿದರು. ಬಾಗದವನ ಮುಂದೆ ಬಾಗುವುದು ಜನರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಮಳೆ ಹನಿದರೆ ಅವನು ಕುರಿ ಬಿಟ್ಟು ಸೂರಿನಡಿಗೆ ಓಡಿದ. ಮಕಮಲ್ಲು ನೆನೆಯಬಾರದಲ್ಲ. ಕುರಿಗಳು ನೆನೆದುಕೊಂಡು ತಾವೇ ದಾರಿ ಹುಡುಕಿ ಬಂದವು.

ಇನ್ನೊಂದು ದಿನ ಒಂದು ಮರಿ ಕಾರೆ ಮುಳ್ಳಿನ ಪೊದೆಗೆ ಸಿಕ್ಕಿಕೊಂಡಿತು. ಅಂಥ ಎಷ್ಟು ಮರಿಗಳನ್ನು ಅವನು ತಲೆ ತೂರಿಸಿ ಎಳೆದಿದ್ದನೋ. ಕೊಪ್ಪೆಗೆ ಮುಳ್ಳು ಲೆಕ್ಕಕ್ಕಿರಲಿಲ್ಲ. ಅಂದು ಅವನು ಪೊದೆಯ ಹೊರಗೆ ನಿಂತು ಅವರಿವರನ್ನು ಕೂಗಿದ. ಅವರಿವರು ದೂರದಲ್ಲಿದ್ದರು. ನರಿ ಹತ್ತಿರದಲ್ಲಿತ್ತು. ಅದು ಪೊದೆಯ ಆ ಬದಿಯಿಂದ ನುಗ್ಗಿತು. ಮರಿ ಕೂಗಿ ಕೂಗಿ ಸುಮ್ಮನಾಯಿತು.

ನರಿ ಬಿಟ್ಟದ್ದನ್ನು ಹೆಂಡತಿ ತಂದಳು. ಬಯ್ಯಲಿಲ್ಲ. ಮರಿಯ ಕಿವಿಯನ್ನು ಕುಯ್ದು ಅವನ ಅಂಗೈಯಲ್ಲಿ ಇಟ್ಟಳು.

"ಮುಟ್ಟಿ ನೋಡು. ಇದೂ ಮೆತ್ತಗೇ ಇತ್ತು."

ಇಲ್ಲಿಗೆ ಬಂದಾಗ ಮಲ್ಲುವಿಗೆ ತಡೆಯಲಾಗಲಿಲ್ಲ.

"ಅಲ್ಲ ಬುದ್ಧಿ, ಅವನೇನು ಟೋಪಿಯ ಜೊತೆ ಹುಟ್ಟಿದ್ದನೆ? ತೆಗೆದು ಒಂದು ಕಡೆ ಇಟ್ಟರೆ ತೀರಿತಪ್ಪ! ಕೈ ಇರಲಿಲ್ಲವೆ?"

ಶಿಷ್ಯರು ನಕ್ಕರು. ಗುರುಗಳು ಹೌದೆಂದರು.

"ಇಡಬಹುದಿತ್ತು. ದಿನಾ ಬೆಳಿಗ್ಗೆ ಇವತ್ತು ತೆಗೆದಿಡುತ್ತೇನೆ ಎಂದುಕೊಳ್ಳುತ್ತಲೂ ಇದ್ದ. ಆದರೆ ತೆಗೆದು ಕೈಯಲ್ಲಿ ಹಿಡಿದರೆ ಟೋಪಿ ದೊಡ್ಡದಾಗಿ ಕಾಣುತ್ತಿತ್ತು, ತಲೆ ಚಿಕ್ಕದಾಗಿ ಕಾಣುತ್ತಿತ್ತು. ನಿನಗೆ ಹಾಗೆ ಅನ್ನಿಸುವುದಿಲ್ಲವೇನೋ."

"ನನಗೆಲ್ಲಿಯ ಟೋಪಿ ಬುದ್ಧಿ?" ಎಂದ ಮಲ್ಲು. ಕೈ ರುಮಾಲಿನವರೆಗೆ ಹೋಗಿ, ಕಿವಿ ತುರಿಸಿಕೊಂಡು ಕೆಳಗೆ ಬಂತು. ಗುರುಗಳು ಬತ್ತಿಯ ಕಡೆ ನೋಡುತ್ತ ಮುಂದೆ ಹೇಳಿದರು.

ವ್ಯಾಪಾರಿ ಮತ್ತೆ ಬಂದ. ಈ ಸಲ ಜಗುಲಿಗೆ ಬರಲಿಲ್ಲ, ನೇರವಾಗಿ ಕಟ್ಟೆಗೆ ಬಂದ. ಊರು ಸೇರಿತು. ಹಿರಿಯ ನಡುವೆ ಕೂತ, ಟೋಪಿ ಇಟ್ಟುಕೊಂಡು.

"ಗುಡ್ಡದ ಕಲ್ಲು ನನಗೆ ಕೊಡಿ," ಎಂದ ವ್ಯಾಪಾರಿ. "ಹುಲ್ಲು ನಿಮ್ಮದೇ. ನಾನು ಹುಲ್ಲು ತಿನ್ನುವವನಲ್ಲ."

ಜನ ನಕ್ಕರು. ನಗಿಸುವವನು ಎಂದೂ ಕೆಟ್ಟವನಾಗಿ ಕಾಣುವುದಿಲ್ಲ. ಆದರೆ ನಗು ನಿಂತ ಮೇಲೆ ಮಾತಾಡಿದರು. ಕಲ್ಲು ತೆಗೆದರೆ ಮಣ್ಣು ನಿಲ್ಲುವುದಿಲ್ಲ, ಮಣ್ಣು ನಿಲ್ಲದೆ ಹುಲ್ಲು ಎಲ್ಲಿಯದು ಎಂದು ಒಬ್ಬ ಹೇಳಿದ. ಅವನ ಮಾತು ಎಲ್ಲರಿಗೂ ಸರಿ ಕಂಡಿತು. ಹಿರಿಯನಿಗೂ ಸರಿ ಕಂಡಿತು. ಇನ್ನೇನು, ಯಾರಿಗೂ ಹೆದರಿಕೆ ಇರಲಿಲ್ಲ. ಎಲ್ಲರೂ ಹಿರಿಯನ ಕಡೆ ತಿರುಗಿದರು. ತಲೆ ಆಡಿಸುತ್ತಾನೆ, ಎದ್ದು ಮನೆಗೆ ಹೋಗಿ ಮುದ್ದೆ ಉಣ್ಣೋಣ ಎಂದು ಕೆಲವರು ಆಗಲೇ ಅರ್ಧ ಎದ್ದಿದ್ದರು.

ಹಿರಿಯನ ಎದೆಯಲ್ಲಿ 'ಬೇಡ' ಎದ್ದಿತು. ಕುತ್ತಿಗೆಗೂ ಬಂತು. ಕುತ್ತಿಗೆ ಕೊಂಚ ತಿರುಗಿತು. ಟೋಪಿ ಜಾರಿ ಒಂದು ಕಿವಿಯ ಮೇಲೆ ಕೂತಿತು. ಹಿಂದಿನಿಂದ ಯಾರೋ ಕಿಸಕ್ ಎಂದರು.

ಅಷ್ಟೇ ಆದದ್ದು. ಒಬ್ಬನ ಕಿಸಕ್ಕು. ಹಿರಿಯನ ಎರಡೂ ಕೈಗಳು ಎದ್ದು ಟೋಪಿಯನ್ನು ಹಿಡಿದುಕೊಂಡವು. ತಲೆ ನಿಂತಿತು.

ಹೆಂಗಸರ ಗುಂಪಿನಿಂದ ಅವನ ಹೆಂಡತಿ ಕೂಗಿದಳು. "ಟೋಪಿ ಬಿದ್ದರೆ ಬೀಳಲಿ ಕಣಯ್ಯ, ತಲೆ ಆಡಿಸು!"

ಅವನಿಗೆ ಕೇಳಿಸಿತು. ಕೈ ಬಿಡಲಿಲ್ಲ.

"ಆಡಿಸೋ, ಗುಡ್ಡ ಹೋಗುತ್ತೆ!" ಎಂದು ಅವಳು ಮತ್ತೆ ಕೂಗಿದಳು. ಎಂದೂ ಅವನನ್ನು ಹಾಗೆ 'ಅಯ್ಯ' ಬಿಟ್ಟು ನಾಲ್ಕು ಜನರೆದುರು ಕರೆದವಳಲ್ಲ. ಜನ ಮತ್ತೆ ನಕ್ಕರು. ಅವನು ಟೋಪಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡ.

ವ್ಯಾಪಾರಿ ಎದ್ದು ನಿಂತು ಕೈ ಜೋಡಿಸಿದ.

"ಹಿರಿಯರು ತಲೆ ಮುಟ್ಟಿದರು. ಒಂದು ಕೈಯಲ್ಲ, ಎರಡೂ ಕೈ. ಇಂಥ ಆಣೆ ನಾನು ಎಲ್ಲೂ ಕಂಡಿಲ್ಲ."

ಆಗ ಹಿರಿಯನಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ಬಾಯಿ ತೆರೆದು ಜೋರಾಗಿಯೇ "ಬೇಡ" ಎಂದ.

"ಹಿರಿಯರ ಮಾತಿಗೆ ಈ ಕಟ್ಟೆಯ ಮೇಲೆ ಬೆಲೆ ಇಲ್ಲ," ಎಂದ ವ್ಯಾಪಾರಿ. "ಕಟ್ಟಳೆ ನನ್ನದಲ್ಲ. ನಿಮ್ಮದೇ."

ಊರಿನವರು ನೆಲ ನೋಡಿದರು. ಕಿಸಕ್ ಎಂದವನೂ ನೆಲ ನೋಡಿದ. ಅವನು ಯಾರೆಂದು ಕಡೆಗೂ ಗೊತ್ತಾಗಲಿಲ್ಲ.

ಕಲ್ಲು ಹೋಯಿತು. ಕಲ್ಲಿನ ಹಿಂದೆ ಮಣ್ಣು ಹೋಯಿತು. ವ್ಯಾಪಾರಿ ಮಾತಿಗೆ ತಪ್ಪಲಿಲ್ಲ, ಹುಲ್ಲನ್ನು ಅವನು ಮುಟ್ಟಲೇ ಇಲ್ಲ. ಅದು ತಾನಾಗಿಯೇ ಹೋಯಿತು. ಕುರಿಗಳನ್ನು ಹೊಡೆದುಕೊಂಡು ಒಂದೊಂದೇ ಮನೆ ಬೇರೆ ಸೀಮೆಗೆ ನಡೆಯಿತು. ಮಗ್ಗದ ಕುಳಿಗಳಲ್ಲಿ ನಾಯಿಗಳು ಮಲಗಿದವು.

ಹಿರಿಯನ ಹೆಂಡತಿ ಕಡೆಯ ಉಣ್ಣೆಯಲ್ಲಿ ಒಂದು ಕಂಬಳಿ ನೇಯ್ದಳು. ಅವನು ಅದನ್ನು ತನಗೆಂದೇ ತಿಳಿದಿದ್ದ. ಅವಳು ಅದನ್ನು ತಾನೇ ಹೊದ್ದು, ಗೂಟದಲ್ಲಿದ್ದ ಹಳೆಯ ಕೊಪ್ಪೆಯನ್ನೂ ತೆಗೆದು ಹೆಗಲಿಗೆ ಹಾಕಿಕೊಂಡು, ತವರಿನ ದಾರಿ ಹಿಡಿದಳು.

"ಕೊಪ್ಪೆಯನ್ನಾದರೂ ಬಿಟ್ಟು ಹೋಗೇ. ಚಳಿಗಾಲ," ಎಂದ ಅವನು.

"ನಿನಗೆ ಚುಚ್ಚುತ್ತೆ," ಎಂದಳು ಅವಳು.

ಮಾಗಿ ಬಂತು. ಅವನ ಬಳಿ ಇದ್ದದ್ದು ಟೋಪಿ. ಅದನ್ನು ಮೊಣಕಾಲಿಗೆ ಹೊದಿಸಿದರೆ ಬೆನ್ನಿಗಿಲ್ಲ, ಬೆನ್ನಿಗೆ ಹಾಕಿದರೆ ಎದೆಗಿಲ್ಲ. ಬಾಗುವವರೂ ಇರಲಿಲ್ಲ, ಎದ್ದು ನಿಲ್ಲುವವರೂ ಇರಲಿಲ್ಲ. ಅವನು ಕೂತಲ್ಲೇ ಟೋಪಿಯನ್ನು ಸವರುತ್ತಿದ್ದ. ಹಿಂದಿನಿಂದ ಮುಂದಕ್ಕೆ, ಹಿಂದಿನಿಂದ ಮುಂದಕ್ಕೆ. ಸವರಿ ಸವರಿ ನವಿರು ಉದುರಿತು. ಒಂದು ಬೆಳಿಗ್ಗೆ ಆ ಹಾದಿಯಲ್ಲಿ ಹೋದವರು ನೋಡಿದಾಗ ಅವನು ಗೋಡೆಗೆ ಒರಗಿ ಮರಗಟ್ಟಿದ್ದ. ಕುತ್ತಿಗೆ ನೆಟ್ಟಗೆ ಇತ್ತು. ಟೋಪಿ ತಲೆಯ ಮೇಲೇ ಇತ್ತು.

ಮಣ್ಣು ಮಾಡುವ ಮೊದಲು ಯಾರೋ ಟೋಪಿಯನ್ನು ತೆಗೆದು ಮುಟ್ಟಿ ನೋಡಿದರು. ನವಿರು ಹೋದ ಜಾಗದಲ್ಲಿ ಕೈಗೆ ತಗುಲಿದ್ದು ಬರಿಯ ಒರಟು ನೂಲು.

"ನೀನು ಕೇಳಿದ ಗೋಣಿ ಅದರೊಳಗೇ ಇತ್ತು ಮಲ್ಲು," ಎಂದರು ಗುರುಗಳು. "ಗೋಣಿಯನ್ನು ಗೋಣಿ ಎಂದು ತೋರಿಸಿ ಯಾರ ತಲೆಗೆ ಹಾಕಲು ಆಗುತ್ತದೆ?"

ಶಿಷ್ಯರಲ್ಲಿ ಓದಿನವನೊಬ್ಬನಿದ್ದ. ಅವನಿಗೆ ಸಮಾಧಾನವಾಗಲಿಲ್ಲ. "ಮಕಮಲ್ಲು ಕನ್ನಡದ ಮಾತೇ ಅಲ್ಲ ಬುದ್ಧಿ. ಪರದೇಶದಿಂದ ವ್ಯಾಪಾರಿಗಳ ಜೊತೆ ಬಂದದ್ದು, ನವಿರು ಇರುವ ಬಟ್ಟೆ ಎಂದಷ್ಟೇ ಅದರ ಅರ್ಥ ಎಂದು ಓದಿದ್ದೇನೆ," ಎಂದ.

"ನೀನು ಓದಿದ್ದು ನಿಜ. ಮಾತು ಹಡಗು ಹತ್ತಿಯೇ ಬಂತು. ವ್ಯಾಪಾರಿ ಹೇಳಿದ ಅರ್ಥ ಸುಳ್ಳು, ಆ ಹೆಂಗಸು ಹೇಳಿದ ಅರ್ಥವೂ ಸುಳ್ಳು. ಒಂದು ಸುಳ್ಳನ್ನು ಹಿರಿಯ ತಲೆಯ ಮೇಲೆ ಇಟ್ಟುಕೊಂಡ. ಇನ್ನೊಂದು ಸುಳ್ಳು ಅವನ ಪಾಲಿಗೆ ನಿಜವಾಯಿತು."

ಮಾತು ಹೀಗೆ ಭಾರವಾದರೆ ಏನಾದರೂ ಹೇಳಿ ನಗಿಸದೆ ಮಲ್ಲುವಿಗೆ ಉಸಿರು ಕಟ್ಟುತ್ತದೆ. ಅವನು ಕೂತಲ್ಲೇ ಕೈ ಚೆಲ್ಲಿ ಹೇಳಿದ.

"ಏನೇ ಅನ್ನಿ ಬುದ್ಧಿ, ಅವನು ಶುದ್ಧ ದಡ್ಡ. ಗುಡ್ಡ ಉಳಿಯುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ತಲೆಯನ್ನು ಒಂದು ಸಲ ಹೀಗೆ ಅಂದಿದ್ದರೆ ಆಗಿತ್ತು."

ಹೀಗೆ ಎಂದು ಅವನು ಅಂಗೈ ಆಡಿಸಿ ತೋರಿಸಿದ. ಶಿಷ್ಯರು ನಕ್ಕರು. ಹೊರಗೆ ಮಂಟಪದ ಕಡೆಯಿಂದ ಅವನ ತಾಯಿಯ ಕೂಗು ಬಂತು. "ಮಂಡಕ್ಕೀ, ಗರಿಗರಿ ಮಂಡಕ್ಕೀ." ಅವಳು ಸಂಜೆಯ ಕಡೆಯ ಗಿರಾಕಿಗಳನ್ನು ಕರೆಯುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಸಾಹುಕಾರ ಬರುವವನಿದ್ದ.

ಗುರುಗಳು ಹೊಸೆದ ಬತ್ತಿಯನ್ನು ಎಣ್ಣೆಗೆ ಇಳಿಬಿಟ್ಟು, ಮೊದಲ ಸಲ ಮಲ್ಲುವಿನ ರುಮಾಲಿನ ಕಡೆ ನೋಡಿದರು.

"ಕೈಯಲ್ಲಿ ಬೇಡ ಮಲ್ಲು, ತಲೆಯಲ್ಲೇ ಒಂದು ಸಲ ಆಡಿಸಿ ತೋರಿಸು, ನೋಡೋಣ."

ಮಲ್ಲುವಿನ ಅಂಗೈ ಗಾಳಿಯಲ್ಲೇ ನಿಂತಿತು.